ಎಷ್ಟರಿಂದ ಎಷ್ಟರೊಳಗ

ಅವರ ಬಲಗೈಯಲ್ಲಿ ಎರಡು ಬೆರಳಿರಲಿಲ್ಲ. ತೋರುಬೆರಳು ಬುಡದಿಂದಲೇ ಹೋಗಿತ್ತು, ನಡುಬೆರಳು ಅರ್ಧಕ್ಕೆ ನಿಂತಿತ್ತು. ಹೆಬ್ಬೆರಳಿಗೂ ಉಂಗುರಬೆರಳಿಗೂ ನಡುವೆ ಚಾಕ್‌ಪೀಸ್ ಸಿಕ್ಕಿಸಿಕೊಂಡು ಬೋರ್ಡಿನ ಎಡತುದಿಯಿಂದ ಗೆರೆ ಎಳೆಯಲು ಶುರುಮಾಡಿದರೆ, ಅದು ನೆಲದ ಗುಂಟ ಸ್ವಲ್ಪ ದೂರ ಹೋಗಿ, ಮೆಲ್ಲಗೆ ಏರಿ, ಗುಡ್ಡವಾಗಿ, ಆ ಕಡೆ ಇಳಿದು ಬಲತುದಿ ತಲುಪುವವರೆಗೆ ಕೈ ಎತ್ತುತ್ತಿರಲಿಲ್ಲ. ಹತ್ತು ಬೆರಳೂ ನೆಟ್ಟಗಿದ್ದ ನಮಗೆ ಆ ಗುಡ್ಡ ಎಂದೂ ಸರಿಯಾಗಿ ಬರಲಿಲ್ಲ. ನನ್ನದು ಯಾವಾಗಲೂ ಒಂದು ಮಗ್ಗಲು ಕುಸಿದಿರುತ್ತಿತ್ತು. ಅವರು ನನ್ನ ನೋಟ್‌ಬುಕ್ಕಿಗೆ ಬಗ್ಗಿ, “ಗುಡ್ಡದ ಬಾಲ ನೆಲಾ ಮುಟ್ಟಬಾರದು ಬಾಳಾ. ಎಷ್ಟ ದೂರ ಹೋದ್ರೂ ಮುಟ್ಟಬಾರದು” ಎನ್ನುತ್ತಿದ್ದರು. ವಿದ್ಯಾರ್ಥಿಗಳನ್ನೆಲ್ಲ ಅವರು ಮರಾಠಿಯಲ್ಲಿ ಹಾಗೆಯೇ ‘ಬಾಳಾ’ ಎಂದು ಕರೆಯುತ್ತಿದ್ದರು, ಮಗುವೇ ಎಂದ ಹಾಗೆ.

ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ಅವರು ನಮಗೆ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕರಾಗಿದ್ದರು. ಒಟ್ಟು ಏಳು ವರ್ಷ ಅತಿಥಿಯಾಗಿಯೇ ಇದ್ದರು. ಊರು ಬೋರಗಾಂವ. ಮನೆಯಲ್ಲಿ ಪಾವರ್‌ಲೂಮ್ ಇತ್ತು, ಓದುವ ವಯಸ್ಸಿನಲ್ಲಿ ಅಣ್ಣನ ಜೊತೆ ಮಗ್ಗ ನಡೆಸುತ್ತಿದ್ದಾಗ ಆ ಎರಡು ಬೆರಳು ಹೋದವು. ಶಾಲೆ ಮರಾಠಿ, ಎಂ.ಎಸ್ಸಿ. ಕೊಲ್ಲಾಪುರದಲ್ಲಿ. ಮನೆಯಲ್ಲಿ ಮರಾಠಿ, ಬೋರ್ಡಿನ ಮೇಲೆ ಇಂಗ್ಲಿಷು, ನಮ್ಮ ಜೊತೆ ಕನ್ನಡ. ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಮಾತಾಡುತ್ತಿದ್ದರು, ಆದರೆ ಓದಲು ಬರೆಯಲು ಬರುತ್ತಿರಲಿಲ್ಲ. “ನಾ ಓದೋ ಕನ್ನಡ ಅಂದ್ರ ಬಸ್ಸಿನ ಬೋರ್ಡ್ ಅಷ್ಟ” ಎಂದು ಅವರೇ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಅದು ನನ್ನ ಕುತ್ತಿಗೆಗೇ ಬರುತ್ತದೆ ಎಂದು ಆಗ ಗೊತ್ತಿರಲಿಲ್ಲ.

ನಾನು ಕರೋಶಿಯವಳು. ಅಪ್ಪ ಹೈಸ್ಕೂಲಿನಲ್ಲಿ ಜವಾನರಾಗಿದ್ದರು, ಅವ್ವ ಮಂದಿಯ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಬೆಳಗಿನ ಬಸ್ಸು ಹಿಡಿದು ಕಾಲೇಜಿಗೆ ಬರುತ್ತಿದ್ದ ನನಗೆ ಮೊದಲ ಗಂಟೆ ತಪ್ಪುವುದು ಮಾಮೂಲಾಗಿತ್ತು. ಒಂದು ದಿನ ಬಾಗಿಲಲ್ಲಿ ನಿಂತು, ನಾಳೆ ಹತ್ತು ಗಂಟೆಗೆ ಸರಿಯಾಗಿ ಬರ್ತೀನ್ರಿ ಎಂದೆ. ಅವರು ಚಾಕ್‌ಪೀಸ್ ಕೆಳಗಿಟ್ಟರು.

“ಹತ್ತಕ್ಕ ಸರಿಯಾಗಿ ಬರೋದು ಶೂನ್ಯ. ಹತ್ತಂದ್ರ ಹತ್ತ ಗಂಟಿ, ಶೂನ್ಯ ಮಿನಿಟು, ಶೂನ್ಯ ಸೆಕೆಂಡು, ಅದರ ಮುಂದನೂ ಶೂನ್ಯ. ಹಂಗ ಯಾರೂ ಬರಂಗಿಲ್ಲ. ಎಷ್ಟರಿಂದ ಎಷ್ಟರೊಳಗ ಬರ್ತಿ, ಅದನ್ನ ಹೇಳು.”

“ಹತ್ತರಿಂದ ಹತ್ತೂಕಾಲರೊಳಗ್ರಿ.”

“ಹಾಂ. ಇದಕ್ಕ ಲೆಕ್ಕ ಐತಿ. ಒಳಗ ಬಾ.”

ಅವಿಚ್ಛಿನ್ನ ಯಾದೃಚ್ಛಿಕ ಚಲಕ ಎಂದು ಸಿಲಬಸ್ಸಿನಲ್ಲಿರುವ, ಹೇಳಿದರೆ ನಾಲಿಗೆ ಹೊರಳದ ಪಾಠ ನನಗೆ ಶುರುವಾಗಿದ್ದು ಹೀಗೆ, ಬಾಗಿಲಲ್ಲಿ. ಬಸ್ಸು ಬರುವ ಹೊತ್ತು, ಕಬ್ಬಿನ ಎತ್ತರ, ಕಾದ ಹಾಲು ಆರುವ ಸಮಯ, ಇವು ಒಂದು, ಎರಡು, ಮೂರು ಎಂದು ಎಣಿಸುವ ಸಂಗತಿಗಳಲ್ಲ. ಇವುಗಳಲ್ಲಿ ಯಾವುದೇ ಒಂದು ನಿಖರ ಬೆಲೆಗೆ ಸಂಭವನೀಯತೆ ಶೂನ್ಯ. ಇಷ್ಟರಿಂದ ಇಷ್ಟರೊಳಗೆ ಎಂದರೆ ಮಾತ್ರ ಉತ್ತರವಿದೆ. “ಎಷ್ಟರಿಂದ ಎಷ್ಟರೊಳಗ?” ಎಂಬುದು ಅವರ ಬಾಯಲ್ಲಿ ಕೂತುಬಿಟ್ಟಿತ್ತು. ಕ್ಯಾಂಟೀನಿನಲ್ಲಿ ಚಹಾ ಈಗ ಬರುತ್ತದೆ ಎಂದರೂ ಅದೇ ಪ್ರಶ್ನೆ. ಕ್ಯಾಂಟೀನಿನವನು ಅವರನ್ನು ಕಂಡರೆ ಮೊದಲೇ, “ಐದರಿಂದ ಹತ್ತ ಮಿನಿಟಿನ್ಯಾಗ್ರಿ ಸರ್” ಎಂದು ಕೂಗುತ್ತಿದ್ದ.

ಒಂದು ದಿನ ಜೇಬಿನಿಂದ ಬಿಳಿ ಬಟ್ಟೆಯ ತುಂಡು ತೆಗೆದರು, ಮನೆಯ ಮಗ್ಗದ್ದು. ಜೊತೆಗೆ ಎಳೆ ಎಣಿಸಲು ನೇಕಾರರು ಇಟ್ಟುಕೊಳ್ಳುವ, ಮಡಚಿದರೆ ಬೆಂಕಿಪೊಟ್ಟಣದಷ್ಟಾಗುವ ಭೂತಗನ್ನಡಿ. ತರಗತಿಯಲ್ಲಿದ್ದ ನಾವು ಐದೂ ಜನ ಸರದಿಯ ಮೇಲೆ ನೋಡಿದೆವು.

“ಈ ಅರಿವಿ ಮ್ಯಾಲ ಸೂಜಿ ಮೊನಿ ಊರಿದ್ರ, ಮೊನಿ ಅನ್ನೂದಕ್ಕ ಅಗಲನ ಇಲ್ಲ ಅಂತ ತಿಳಕೋ, ಅದರ ಕೆಳಗ ಎಷ್ಟ ಎಳಿ ಅದಾವು?”

“ಒಂದೂ ಇಲ್ರಿ” ಎಂದೆ ನಾನು.

“ಹಂಗಾರ ಅಲ್ಲಿ ಅರಿವೀನ ಇಲ್ಲೇನು?”

ನಾವು ಮತ್ತೆ ಬಟ್ಟೆಗೆ ಬಗ್ಗಿದೆವು.

“ಅರಿವಿ ಐತಿ. ಇಂಚಿಗೆ ಇಷ್ಟ ಎಳಿ ಅಂತ ಅಲ್ಲೂ ಒಂದು ಲೆಕ್ಕ ಐತಿ. ಅಗಲ ಕೊಟ್ರ ಗುಣಿಸಿ ಎಳಿ ಎಷ್ಟ ಅಂತ ಹೇಳಬಹುದು. ಅಗಲ ಇಲ್ಲ ಅಂದ್ರ ಎಳಿ ಶೂನ್ಯ, ಆದ್ರ ಆ ಇಂಚಿನ ಲೆಕ್ಕ ಶೂನ್ಯ ಅಲ್ಲ. ಇಂಗ್ಲಿಷಿನ್ಯಾಗ ಡೆನ್ಸಿಟಿ, ನಮ್ಮದ್ರಾಗ ಘನತೆ. ಬರಕೋರಿ. ಒಂದು ಬಿಂದುವಿನೊಳಗ ಸಂಭವನೀಯತೆ ಶೂನ್ಯ, ಘನತೆ ಶೂನ್ಯ ಅಲ್ಲ.”

ಬರೆದುಕೊಂಡೆ. ಆದರೆ ನಾನು ಬರೆದುಕೊಂಡಿದ್ದು ಅವರು ಹೇಳಿದ್ದನ್ನಲ್ಲ. ಅವರು ‘ನಮ್ಮದ್ರಾಗ’ ಎಂದಿದ್ದು ಮರಾಠಿಯ ಬಗ್ಗೆ. ಮರಾಠಿಯ ಘನತಾ ಎಂದರೆ ಸಾಂದ್ರತೆ, ಒತ್ತೊತ್ತಾಗಿರುವುದು. ನನ್ನ ಕನ್ನಡದ ಘನತೆ ಬೇರೆ. ನಮ್ಮದು ಬೌದ್ಧರ ಓಣಿ. ಅಲ್ಲಿಯ ವಿಹಾರದಲ್ಲಿ ಹುಣ್ಣಿಮೆಗೊಮ್ಮೆ ಜನ ಸೇರಿದಾಗ ಅಪ್ಪ ಎರಡು ಮಾತು ಆಡುತ್ತಿದ್ದರು, ಆಡಿದಾಗೆಲ್ಲ ‘ಘನತೆಯಿಂದ ಬದುಕಬೇಕು’ ಎಂದೇ ಮುಗಿಸುತ್ತಿದ್ದರು. ದಿನವಿಡೀ ಶಾಲೆಯ ಗಂಟೆ ಹೊಡೆದು, ಮಾಸ್ತರರ ಚಹಾ ತಂದು, ಸಂಜೆ ಇಸ್ತ್ರಿ ಅಂಗಿ ತೊಟ್ಟು ಅಪ್ಪ ಆ ಮಾತು ಹೇಳುವಾಗ ನನಗೆ ಹೆಮ್ಮೆಯೂ ಆಗುತ್ತಿತ್ತು, ಯಾಕೋ ಸಂಕಟವೂ ಆಗುತ್ತಿತ್ತು. ಆ ಮಾತು ಗಣಿತದಲ್ಲಿಯೂ ಇದೆ ಎಂದು ಅವತ್ತು ತಿಳಿಯಿತು. ಅವಕಾಶ ಶೂನ್ಯವಾದರೂ ಘನತೆ ಶೂನ್ಯವಲ್ಲವಂತೆ. ಬಸ್ಸಿನಲ್ಲಿ ಕರೋಶಿಯವರೆಗೂ ಅದನ್ನೇ ಅಂದುಕೊಂಡು ಬಂದೆ.

ಒಂಬತ್ತನೇ ತರಗತಿಯ ವಿಜ್ಞಾನದಲ್ಲಿ ಸಾಂದ್ರತೆ ಎಂಬ ಪದವನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ. ಅದು ಎಣ್ಣೆ ನೀರಿನ ವಿಷಯ, ಇದು ಬೇರೆ ಎಂದುಕೊಂಡೆ. ಒಮ್ಮೆ ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ, ಯಾಕೆಂದರೆ ನನಗೆ ಆ ಪದ ಬೇಕಾಗಿತ್ತು. ತಪ್ಪಿನಲ್ಲಿ ನನ್ನ ಪಾಲನ್ನು ಮೊದಲೇ ಹೇಳಿಬಿಡುತ್ತೇನೆ.

ಇನ್ನೊಂದು ಪ್ರಶ್ನೆ ಕೇಳಿದ್ದೆ. “ಸರ್, ಒಂದೊಂದು ಬಿಂದುವಿಗೂ ಶೂನ್ಯ ಅಂತೀರಿ. ಹಂಗಾರ ಏನಾದರೂ ಆಗೂದು ಹೆಂಗ್ರಿ? ಆಗೂದು ಯಾವುದಾರ ಒಂದು ಬಿಂದುವಿನ್ಯಾಗ ಅಲ್ಲೇನ್ರಿ?” ಅವರು ಅರ್ಧ ಬೆರಳಿನಿಂದ ಹಣೆ ಉಜ್ಜಿಕೊಂಡು, “ಅದನ್ನ ನಾನೂ ಇನ್ನಾ ಕೇಳಾಕತ್ತೇನಿ ಬಾಳಾ” ಎಂದರು. ಮೇಷ್ಟ್ರೊಬ್ಬರು ಗೊತ್ತಿಲ್ಲ ಎಂದಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಈ ಪಾಠವಿದ್ದ ಪೇಪರಿನ ಪರೀಕ್ಷೆಯ ವಾರದಲ್ಲೇ ಅಪ್ಪ ತೀರಿಹೋದರು. ಪರೀಕ್ಷೆಗೆ ಕೂರಲಿಲ್ಲ. ಎರಡನೇ ಸಲ ಕೂತೆ, ಏನೂ ಓದಿರಲಿಲ್ಲ, ನ್ಯಾಯವಾಗಿಯೇ ಫೇಲಾದೆ. ಉಳಿದ ಪೇಪರುಗಳೆಲ್ಲ ಮುಗಿದು ಇದೊಂದೇ ಬಾಕಿ ಉಳಿಯಿತು. ಮೂರನೇ ಸಲ ಹಟ ತೊಟ್ಟು ಓದಿದೆ. ನಮ್ಮಲ್ಲಿ ಉಳಿದ ನಾಲ್ವರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಪಿ.ಯು.ಸಿ.ವರೆಗೆ ಕನ್ನಡದಲ್ಲಿ ಓದಿದ್ದ ನಾನು ಕನ್ನಡದಲ್ಲಿ. ಹಾಗೆ ಬರೆಯಲು ಅನುಮತಿ ಇತ್ತು, ಆದರೆ ಕನ್ನಡದಲ್ಲಿ ಪುಸ್ತಕವಿರಲಿಲ್ಲ, ಸರ್ ಬರೆಸಿದ ಮಾತೇ ನನಗೆ ಪುಸ್ತಕ. ಹೊರಗೆ ಬಂದಾಗ ಇಷ್ಟು ಚೆನ್ನಾಗಿ ಯಾವ ಪೇಪರನ್ನೂ ಬರೆದಿಲ್ಲ ಅನ್ನಿಸಿತ್ತು. ಅವ್ವ ಹೊಲದ ಯಜಮಾನರಿಗೆ, ಮುಂದಿನ ವರ್ಷ ಮಗಳು ಬಿ.ಎಡ್. ಸೇರುತ್ತಾಳೆ ಎಂದು ಹೇಳಿಯೂ ಬಂದಿದ್ದಳು.

ಫೇಲಾದೆ. ಉತ್ತರಪತ್ರಿಕೆಯ ನಕಲು ತರಿಸಿದೆ. ಘನತೆ ಎಂದು ಬರೆದಲ್ಲೆಲ್ಲ ಕೆಂಪು ಸುತ್ತು. ಮೊದಲ ಪುಟದಿಂದ ಕೊನೆಯವರೆಗೆ ಸುತ್ತುಗಳೇ. ಲೆಕ್ಕ ಸರಿಯಿದ್ದ ಕಡೆಯೂ ಅಂಕವಿಲ್ಲ. ಮೂರನೇ ಪುಟದ ಅಂಚಿನಲ್ಲಿ ಆ ಮೌಲ್ಯಮಾಪಕರು ಕನ್ನಡದಲ್ಲೇ ಬರೆದಿದ್ದರು: ‘ಯಾರ ಘನತೆ?’

ಆ ಎರಡು ಪದ ಮತ್ತೆ ಮತ್ತೆ ಓದಿದೆ. ಅಪ್ಪನನ್ನು ಯಾರೋ ಎದುರು ನಿಲ್ಲಿಸಿಕೊಂಡು ಕೇಳಿದ ಹಾಗಿತ್ತು.

ನಕಲನ್ನು ಸರ್ ಮುಂದಿಟ್ಟೆ. ಅವರು ಪುಟ ತಿರುವಿದರು. ಓದಲು ಬರುತ್ತಿರಲಿಲ್ಲ, ಕೆಂಪು ಸುತ್ತು ಕಾಣುತ್ತಿತ್ತು. “ಇಲ್ಲೆಲ್ಲಾ ಏನ ಬರದೀ?” ಎಂದರು.

“ಘನತೆ ಅಂತ್ರಿ. ನೀವ ಹೇಳಿದ್ದು.”

“ಬರೋಬ್ಬರಿ ಐತಲ್ಲ, ಸರಿ ಐತಲ್ಲ? ಡೆನ್ಸಿಟಿ.”

“ಕನ್ನಡದಾಗ ಡೆನ್ಸಿಟಿಗೆ ಸಾಂದ್ರತೆ ಅಂತಾರಂತ್ರಿ. ಈಗ ಗೊತ್ತಾತು.”

“ಮತ್ತ ಘನತೆ ಅಂದ್ರ?”

“ಮಾನ್ರಿ. ಮರ್ಯಾದಿ.”

ಅವರು ನಿಂತಿದ್ದವರು ಬೆಂಚಿನ ಮೇಲೆ ಕೂತರು. “ಏಳ ವರ್ಷ ಆತು” ಎಂದರು. “ಏಳ ವರ್ಷ ನಾ ಎಲ್ಲಾರಿಗೂ ಇದನ್ನ ಹೇಳೇನಿ.” ಬೇರೆ ಯಾರೂ ಕನ್ನಡದಲ್ಲಿ ಬರೆದಿರಲಿಲ್ಲ. ಆ ಮಾತನ್ನು ನಂಬಿ ಬರೆದವಳು ನಾನೊಬ್ಬಳೇ.

ಮರುಮೌಲ್ಯಮಾಪನಕ್ಕೆ ಹಾಕಿದೆ, ಬದಲಾಗಲಿಲ್ಲ. ಅಷ್ಟರಲ್ಲಿ ಸಿಲಬಸ್ ಬದಲಾಗಿ, ಹಳೆಯ ಸಿಲಬಸ್ಸಿನವರಿಗೆ ಇನ್ನೊಂದೇ ಸಲ ಪರೀಕ್ಷೆ ಎಂಬ ಸುತ್ತೋಲೆ ಬಂತು. ಅದೂ ತಪ್ಪಿದರೆ ಮೂರು ವರ್ಷದ ಓದು ನೀರಿಗೆ ಹೋದಂತೆ, ನನಗೆ ಅವ್ವನ ಕುಡಗೋಲೇ ಗತಿ. ಸರ್ ತಾವಾಗಿಯೇ ನನ್ನನ್ನು ಕರೆದುಕೊಂಡು ವಿಶ್ವವಿದ್ಯಾಲಯದ ಕಚೇರಿಗೆ ಹೊರಟರು. ಕೈಚೀಲದಲ್ಲಿ ದಪ್ಪನೆಯ ಮರಾಠಿ ಶಬ್ದಕೋಶ. ಎರಡನೇ ಮಹಡಿಗೆ ಹತ್ತುವಾಗ ಮೆಟ್ಟಿಲ ನಡುವೆ ನಿಂತು, ಗೋಡೆಗೆ ಕೈಯಾನಿಸಿ, ಬಾಯಿ ತೆರೆದು ಉಸಿರೆಳೆದುಕೊಂಡರು. ಐದಾರು ಮೆಟ್ಟಿಲು ಹತ್ತುವುದು, ನಿಲ್ಲುವುದು. ನನಗೆ ತಡವಾಗುತ್ತಿದೆ ಎಂಬ ಚಿಂತೆ. ಅವರ ತುಟಿ ನೀಲಿಯಾಗಿದ್ದನ್ನು ಕಂಡೂ ಏನೂ ಕೇಳಲಿಲ್ಲ.

ಅಧಿಕಾರಿಯ ಎದುರು ಶಬ್ದಕೋಶ ತೆರೆದು ಇಟ್ಟರು. “ಇಲ್ಲಿ ನೋಡ್ರಿ ಸಾಹೇಬ್ರ, ಘನತಾ ಅಂದ್ರ ಡೆನ್ಸಿಟಿ. ತಪ್ಪು ಈಕಿದಲ್ಲ, ನಂದು. ಈಕಿ ಗಣಿತ ಬರೋಬ್ಬರಿ ಮಾಡ್ಯಾಳ. ಫೇಲ್ ಮಾಡೂದಿದ್ರ ನನ್ನ ಫೇಲ್ ಮಾಡ್ರಿ.”

“ನಿಮ್ಮನ್ನ ಫೇಲ್ ಮಾಡಾಕ ನಮ್ಮಲ್ಲಿ ಅವಕಾಶ ಇಲ್ರಿ” ಎಂದರು ಅಧಿಕಾರಿ. ಕೆಟ್ಟ ಮನುಷ್ಯರೇನಲ್ಲ. ಶಬ್ದಕೋಶವನ್ನು ಮೆಲ್ಲಗೆ ಮುಚ್ಚಿ ಹಿಂದಕ್ಕೆ ಸರಿಸಿದರು. ಸರ್ ಮೇಜಿನ ಅಂಚನ್ನು ಮೂರು ಬೆರಳಿನಲ್ಲಿ ಗಟ್ಟಿಯಾಗಿ ಹಿಡಿದಿದ್ದರು. “ಒಂದ ಸಲ ನೋಡ್ರಿ ಸಾಹೇಬ್ರ. ಈಕಿ ಅಪ್ಪ ಇಲ್ಲ. ಒಂದ ಸಲ.” ಯಾರ ಮುಂದೆಯೂ ತಲೆ ಬಗ್ಗಿಸಿದವರಲ್ಲ, ಅವತ್ತು ಬೇಡಿಕೊಂಡರು. ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬಂದಿದ್ದು ಸಿಟ್ಟು.

ವಾಪಸು ಬಂದು ಚಿಕ್ಕೋಡಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ, “ಇನ್ನೊಂದು ಸಲ ಐತಲ್ಲ, ನಾ ಹೇಳಿಕೊಡ್ತೀನಿ” ಎಂದರು. ಜನ ನೋಡುತ್ತಿದ್ದಾರೆ ಎಂಬ ಪರಿವೆಯೂ ಇಲ್ಲದೆ ನಾನು ಅಂದುಬಿಟ್ಟೆ:

“ಸಾಕ್ರಿ ಸರ್. ನಿಮ್ಮ ಮರಾಠಿ ನನ್ನ ಬಾಯಿಗೆ ಮಣ್ಣ ಹಾಕೇತಿ. ಇನ್ನೇನ ಹೇಳಿಕೊಡ್ತೀರಿ?”

ಅವರು, “ಹೌದವಾ” ಎಂದರು. ಅಷ್ಟೇ ಅಂದಿದ್ದು. ನಿಪ್ಪಾಣಿಯ ಬಸ್ಸು ಬಂತು, ಶಬ್ದಕೋಶದ ಚೀಲವನ್ನು ಎದೆಗವಚಿಕೊಂಡು ಹತ್ತಿದರು.

ಆಮೇಲೆ ಇಪ್ಪತ್ತೆರಡು ದಿನ ನಾನು ಅವರ ಮುಖ ನೋಡಲಿಲ್ಲ. ನನಗೆ ಆ ಲೆಕ್ಕ ನಿಖರವಾಗಿ ಗೊತ್ತು. ಅವ್ವನ ಜೊತೆ ಸೋಯಾ ಕೊಯ್ಲಿಗೆ ಹೋದೆ. ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗುತ್ತಿತ್ತು, ಅದಕ್ಕೂ ಅವರನ್ನೇ ಬೈದುಕೊಳ್ಳುತ್ತಿದ್ದೆ. ಆ ದಿನಗಳಲ್ಲೇ ಕಾಲೇಜಿನವರು ಸಂಖ್ಯಾಶಾಸ್ತ್ರಕ್ಕೆ ಮಕ್ಕಳಿಲ್ಲವೆಂದು ವಿಭಾಗ ಮುಚ್ಚಿದರು, ಏಳು ವರ್ಷದ ಅತಿಥಿಯನ್ನು ಮನೆಗೆ ಕಳಿಸಿದರು. ಆ ದಿನಗಳಲ್ಲೇ ಅವರು ಮಿರಜಿನ ದವಾಖಾನೆಗೆ ಹೋಗಿ ಬಂದರು. ನನಗೆ ಯಾವುದೂ ತಿಳಿಯಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ.

ಇಪ್ಪತ್ತಮೂರನೆಯ ದಿನ ಅವರ ಅಣ್ಣ ಕೇಳಿಕೊಂಡು ಹೊಲಕ್ಕೇ ಬಂದರು. ಬೈಕು ಬದುವಿನ ಮೇಲೆ ನಿಲ್ಲಿಸಿ ನನಗೊಂದು ನೋಟ್‌ಬುಕ್ ಕೊಟ್ಟರು. “ತಮ್ಮ ಕೊಟ್ಟ ಬಾ ಅಂದಾನ. ಬ್ಯಾರೆ ಏನೂ ಹೇಳಿಲ್ಲ” ಎಂದರು. ತೆರೆದರೆ ಕನ್ನಡ. ಪೂರಾ ಪಾಠ ಕನ್ನಡ ಅಕ್ಷರದಲ್ಲಿ. ಬಸ್ಸಿನ ಬೋರ್ಡು ಬಿಟ್ಟು ಏನನ್ನೂ ಓದದಿದ್ದವರು, ಮೂರು ಬೆರಳಿನಲ್ಲಿ, ಒಂದನೇ ಇಯತ್ತೆಯ ಮಕ್ಕಳ ಹಾಗೆ ದೊಡ್ಡ ದೊಡ್ಡ ಅಕ್ಷರ ಬರೆದಿದ್ದರು. ಒತ್ತಕ್ಷರಗಳು ತಪ್ಪಿದ್ದವು, ಕೆಲವು ಅಕ್ಷರಗಳ ಮೇಲೆ ಮರಾಠಿಯಲ್ಲಿ ಎಳೆಯುವ ಹಾಗೆ ಅಡ್ಡಗೆರೆ ಇತ್ತು. ಪುಟಪುಟಕ್ಕೂ ಮೊದಲು ಘನತೆ ಎಂದು ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ಸಾಂದ್ರತೆ ಎಂದು ಬರೆದಿದ್ದರು. ಎಷ್ಟು ಕಡೆ ಹೊಡೆದಿದ್ದರೆಂದರೆ, ಕೈಯನ್ನು ಬೈದುಕೊಂಡು ಬರೆದ ಹಾಗೆ ಕಾಣುತ್ತಿತ್ತು.

ಅವ್ವನಿಗೆ ಓದಲು ಬರುವುದಿಲ್ಲ. ಪುಟವನ್ನು ದಿಟ್ಟಿಸಿ ನೋಡಿದಳು. “ಇವರ ಕೈ ನಡುಗಾಕತ್ತೈತಲ್ಲ” ಎಂದಳು. ಅಣ್ಣನ ಕಡೆ ತಿರುಗಿ, “ಆರಾಮ ಅದಾರೇನ್ರಿ?” ಎಂದು ಕೇಳಿದಳು. ಅವರು ಬೈಕಿನ ಕೀಲಿ ತಿರುವುತ್ತ ನಿಂತರು. ಅವ್ವ ನನ್ನ ಕೈಯಿಂದ ಕುಡಗೋಲು ಕಸಿದುಕೊಂಡಳು. “ನಡಿ. ಈಗ ಹೋಗು.”

ಬೋರಗಾಂವದ ಅವರ ಮನೆಯ ಮುಂಭಾಗ ಮಗ್ಗದ ಶೆಡ್ಡು, ಹಿಂದೆ ಒಂದು ಕೋಣೆ. ಮಗ್ಗಗಳ ಸದ್ದಿಗೆ ಗೋಡೆ ಅದುರುತ್ತಿತ್ತು. ಅವರು ಗೋಡೆಗೆ ದಿಂಬು ಒರಗಿಸಿ ಕೂತಿದ್ದರು, ಮೂಗಿಗೆ ನಳಿಕೆ, ಪಕ್ಕದಲ್ಲಿ ಗಾಳಿ ಕೊಡುವ ಯಂತ್ರ. ಬರೀ ಇಪ್ಪತ್ತೆರಡು ದಿನದಲ್ಲಿ ಮನುಷ್ಯ ಅಷ್ಟು ಸಣ್ಣಗಾಗಬಹುದು ಎಂದು ನನಗೆ ಗೊತ್ತಿರಲಿಲ್ಲ. ನಾನು ಬಾಗಿಲಲ್ಲೇ ನಿಂತೆ. ಅವರೇ ಕೈ ಬೀಸಿ ಕರೆದರು.

“ಪುಪ್ಪುಸ, ಅಂದ್ರ ಶ್ವಾಸಕೋಶ, ಕಲ್ಲಾಗಾಕತ್ತೇತಿ ಅಂತ. ಮಿರಜಿನ ಡಾಕ್ಟರ ಹೇಳಿದ್ರು. ಎಷ್ಟ ದಿನ ಅಂತ ಕೇಳಿದೆ. ಮೂರರಿಂದ ಆರ ತಿಂಗಳೊಳಗ ಅಂದ್ರು.” ಉಸಿರೆಳೆದುಕೊಂಡು ನಕ್ಕರು. “ನೋಡು, ಎಷ್ಟ ಶಾಣ್ಯಾ ಅದಾನ. ಬರೋಬ್ಬರಿ ಉತ್ತರ ಕೊಟ್ಟಾನ.”

ನನಗೆ ನಗು ಬರಲಿಲ್ಲ. “ಬಾಲ ನೆಲಾ ಮುಟ್ಟಂಗಿಲ್ಲ ಅಂತೀರಲ್ರಿ ಸರ್. ಆರ ತಿಂಗಳ ಆಚೆನೂ ಇರತೈತಿ” ಎಂದೆ. ಹೇಳುವಾಗಲೇ ಅತ್ತುಬಿಟ್ಟೆ.

“ಇರತೈತಿ” ಎಂದರು. “ಭಾಳ ತೆಳ್ಳಗ ಇರತೈತಿ. ನೋಟ್‌ಬುಕ್ ತೆಗಿ.”

ಪರೀಕ್ಷೆಗೆ ಮೂರು ತಿಂಗಳಿತ್ತು. ಪ್ರತಿ ರವಿವಾರ, ಕೊನೆಕೊನೆಗೆ ವಾರದಲ್ಲಿ ಮೂರು ದಿನ, ಕರೋಶಿಯಿಂದ ಚಿಕ್ಕೋಡಿ, ಅಲ್ಲಿಂದ ನಿಪ್ಪಾಣಿ, ಅಲ್ಲಿಂದ ಬೋರಗಾಂವ. ಮಗ್ಗದ ಗದ್ದಲದಲ್ಲಿ ಅವರ ಮಾತು ಕೇಳಿಸುತ್ತಿರಲಿಲ್ಲ, ಕಿವಿಯನ್ನು ಬಾಯ ಹತ್ತಿರ ಒಯ್ಯಬೇಕಾಗುತ್ತಿತ್ತು. ಒಂದು ವಾಕ್ಯಕ್ಕೆ ಮೂರು ಕಡೆ ನಿಲ್ಲುತ್ತಿದ್ದರು. ಕರೆಂಟು ಹೋದರೆ ಮಗ್ಗಗಳ ಜೊತೆ ಆ ಯಂತ್ರವೂ ನಿಲ್ಲುತ್ತಿತ್ತು. ಆಗ ಅವರ ಅಣ್ಣ ಎಲ್ಲಿದ್ದರೂ ಓಡಿಬಂದು ಮೂಲೆಯ ಸಿಲಿಂಡರಿಗೆ ನಳಿಕೆ ಜೋಡಿಸುತ್ತಿದ್ದರು. ಬೇರೆಯವರಿಗೆ ಮಗ್ಗ ನಿಂತರೆ ಕಿವಿಗೆ ಹಾಯೆನಿಸಬಹುದು. ಆ ಮನೆಯವರಿಗೆ ಎದೆ ಧಸಕ್ಕೆನ್ನುತ್ತಿತ್ತು. ನನಗೂ ಅದೇ ರೂಢಿಯಾಯಿತು.

ನಾನು ಪ್ರತಿ ಸಲವೂ ಕ್ಷಮೆ ಕೇಳಬೇಕೆಂದು ಹೊರಡುತ್ತಿದ್ದೆ. ನಿಪ್ಪಾಣಿವರೆಗೆ ಮಾತು ಜೋಡಿಸಿಕೊಳ್ಳುತ್ತಿದ್ದೆ. ಕೋಣೆಗೆ ಹೋದ ಕೂಡಲೇ ಅವರು ಲೆಕ್ಕ ಕೊಡುತ್ತಿದ್ದರು. ಒಂದೇ ಒಂದು ಸಲ, “ಸರ್, ಅವತ್ತ ಬಸ್‌ಸ್ಟ್ಯಾಂಡಿನ್ಯಾಗ ನಾ…” ಎಂದು ಶುರುಮಾಡಿದೆ. ಅವರು ಕೈ ಅಡ್ಡ ಮಾಡಿದರು. “ಗುಡ್ಡದ ಗೆರಿ ಕೆಳಗಿನ ಒಟ್ಟು ವಿಸ್ತೀರ್ಣ ಎಷ್ಟ?”

“ಒಂದ್ರಿ.”

“ಎಷ್ಟ ಎಳದ್ರೂ ಒಂದ. ಅಗಲ ಹೆಚ್ಚ ಮಾಡಿದ್ರ ಎತ್ತರ ಕಡಿಮಿ ಆಗತೈತಿ. ನನ್ನ ಕಡೆ ಈಗ ಅಗಲ ಇಲ್ಲ. ಅಳೂದ್ರಾಗ ಅದನ್ನ ಖರ್ಚ ಮಾಡಬ್ಯಾಡ. ಮುಂದಿನದು ಮಾಡು.”

ಕ್ಷಮೆ ಅಲ್ಲಿಗೇ ಉಳಿಯಿತು, ಇವತ್ತಿಗೂ.

ಒಮ್ಮೆ ಅವ್ವ ನನ್ನ ಜೊತೆ ಬಂದಳು, ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು. ಅವರಿಗೆ ನುಂಗಲು ಆಗುತ್ತಿರಲಿಲ್ಲ, ಆದರೂ ಒಂದು ತುತ್ತು ಬಾಯಿಗಿಟ್ಟುಕೊಂಡರು. ಅವ್ವ ನೆಲದ ಮೇಲೆ ಕೂತು, “ಸರ್, ನನ್ನ ಮಗಳು ಪಾಸ್ ಆಗ್ತಾಳ ಅಂತ ಒಂದ ಮಾತ ಹೇಳ್ರಿ. ಅಷ್ಟ ಸಾಕು” ಎಂದಳು. ಬೇರೆ ಯಾರಾದರೂ ಆಗಿದ್ದರೆ ಹೇಳುತ್ತಿದ್ದರು, ಹೇಳಲು ಕಷ್ಟವೇನಿತ್ತು? ಅವರು ಕಣ್ಣು ಮುಚ್ಚಿ ಯೋಚಿಸಿದರು. “ಮೂವತ್ತರಿಂದ ಅರವತ್ತರೊಳಗ ಮಾರ್ಕ್ಸ್ ಬೀಳತಾವ್ರಿ ಅಕ್ಕಾರ. ಪಾಸಿಗೆ ಮೂವತ್ತೆರಡು ಬೇಕು.” ಅವ್ವನಿಗೆ ಏನು ಅರ್ಥವಾಯಿತೋ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೈ ಮುಗಿದಳು.

ಪರೀಕ್ಷೆಯ ಹಿಂದಿನ ದಿನ ಹೋದಾಗ ಅವರಿಗೆ ದನಿ ಹೆಚ್ಚುಕಡಿಮೆ ಹೋಗಿತ್ತು. ಬಾಯಿ ಅಲುಗಾಡುತ್ತಿತ್ತು, ಅಷ್ಟೆ. ಕಿವಿಯಿಟ್ಟೆ.

“ನಾಳೆ… ಎಷ್ಟರಿಂದ…”

“ಎರಡರಿಂದ ಐದರೊಳಗ್ರಿ ಸರ್.”

ತಲೆಯಾಡಿಸಿದರು. ಬಟ್ಟೆಯ ಆ ತುಂಡನ್ನು ದಿಂಬಿನ ಕೆಳಗಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು, ಮೂರು ಬೆರಳಿನಿಂದ ನನ್ನ ಮುಷ್ಟಿ ಮುಚ್ಚಿದರು. ಆ ಬೆರಳು ತಣ್ಣಗಿದ್ದವು. ನನಗೆ ಪರೀಕ್ಷೆ ಬೇಡ, ಇಲ್ಲೇ ಕೂರುತ್ತೇನೆ ಎನ್ನಬೇಕೆನಿಸಿತು. ಅವರ ಕಣ್ಣು ನೋಡಿ ಎದ್ದು ಬಂದೆ.

ಮರುದಿನ ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿದೆ. ಒಂದೊಂದೇ ಪ್ರಶ್ನೆ ಬಿಡಿಸಿದೆ. ಸಾಂದ್ರತೆ, ಸಾಂದ್ರತೆ, ಸಾಂದ್ರತೆ ಎಂದು ಬರೆಯುತ್ತ ಹೋದೆ, ಪ್ರತಿ ಸಲವೂ ಅವರು ಹೊಡೆದುಹಾಕಿದ ಪದ ಕಣ್ಣ ಮುಂದೆ ಬರುತ್ತಿತ್ತು. ಒಂದು ಲೆಕ್ಕ ಪೂರಾ ತಪ್ಪಿತು, ಇನ್ನೊಂದನ್ನು ಅರ್ಧಕ್ಕೆ ಬಿಟ್ಟೆ. ಕೊನೆಗೆ, ಅವಿಚ್ಛಿನ್ನ ಚಲಕವು ಒಂದು ನಿಖರ ಬೆಲೆಯನ್ನು ಪಡೆಯುವ ಸಂಭವನೀಯತೆ ಎಷ್ಟು, ಯಾಕೆ, ಎಂಬ ಪ್ರಶ್ನೆ. ಬರೆದೆ. ಬರೆದು ಮುಗಿಸಿ ನೋಡಿದರೆ ಕೊನೆಯ ಸಾಲು ಹೀಗಿತ್ತು: ‘ಒಂದು ಬಿಂದುವಿನಲ್ಲಿ ಸಂಭವನೀಯತೆ ಶೂನ್ಯ, ಘನತೆ ಶೂನ್ಯವಲ್ಲ.’

ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಹೊಡೆದುಹಾಕಲು ಬೇಕಾದಷ್ಟು ಹೊತ್ತೂ ಇತ್ತು. ಒಂದೊಂದು ಅಂಕಕ್ಕೂ ನಾನು ಬಾಯಿ ಬಿಡುತ್ತಿದ್ದೆ, ಅದೂ ನಿಜ. ಪೆನ್ನನ್ನು ಆ ಪದದ ಮೇಲಿಟ್ಟೆ. ಎಳೆಯಲಾಗಲಿಲ್ಲ. ಆ ಸಾಲನ್ನು ಹಾಗೆಯೇ ಬಿಟ್ಟು ಪತ್ರಿಕೆ ಕೊಟ್ಟು ಬಂದೆ.

ಬಸ್‌ಸ್ಟ್ಯಾಂಡಿಗೆ ಬಂದು ಮೊಬೈಲು ಚಾಲೂ ಮಾಡಿದೆ. ಅವರ ಅಣ್ಣನಿಂದ ನಾಲ್ಕು ಸಲ ಕರೆ ಬಂದಿತ್ತು. ತಿರುಗಿ ಮಾಡಿದೆ. ಆ ಕಡೆ ಮಗ್ಗದ ಸದ್ದಿರಲಿಲ್ಲ, ಅದರಿಂದಲೇ ತಿಳಿಯಿತು.

“ಯಾವಾಗ್ರಿ? ಎಷ್ಟ ಗಂಟೆಕ್ಕ?” ಎಂದೆ. ಅದೇಕೆ ಕೇಳಿದೆನೋ ಗೊತ್ತಿಲ್ಲ.

ಅವರು ಅಳುತ್ತಿದ್ದರು. “ಬರೋಬ್ಬರಿ ಗೊತ್ತಿಲ್ಲ ತಂಗಿ. ಮೂರಕ್ಕ ನೀರ ಕುಡಿಸಿ ಬಂದಿದ್ದೆ. ಮಗ್ಗ ನಡದಿದ್ದು, ಏನೂ ಕೇಳಲಿಲ್ಲ. ನಾಕಕ್ಕ ಕರೆಂಟ್ ಹೋತು, ಸಿಲಿಂಡರ್ ಹಚ್ಚಾಕ ಓಡಿದೆ. ಅಷ್ಟೊತ್ತಿಗೆ ಮುಗದಿತ್ತು. ಮೂರರಿಂದ ನಾಕರೊಳಗ.”

ಪಾಸಾದೆ. ಮೂವತ್ತನಾಲ್ಕು ಬಂತು. ಅವರು ಹೇಳಿದ ಮೂವತ್ತರಿಂದ ಅರವತ್ತರೊಳಗೇ ಬಂತು. ಪಾಸಾದವರು ಯಾರೂ ಉತ್ತರಪತ್ರಿಕೆಯ ನಕಲು ಕೇಳುವುದಿಲ್ಲ, ನಾನು ತರಿಸಿಕೊಂಡೆ. ಕೊನೆಯ ಸಾಲಿನಲ್ಲಿ ಘನತೆಗೆ ಕೆಂಪು ಸುತ್ತು ಹಾಕಿ ಅರ್ಧ ಅಂಕ ಕಳೆದಿದ್ದಾರೆ. ಅಂಚಿನಲ್ಲಿ ಈ ಸಲ ಯಾರೂ ಏನೂ ಬರೆದಿಲ್ಲ.

ಈಗ ಬಿ.ಎಡ್. ಓದುತ್ತಿದ್ದೇನೆ. ಬಟ್ಟೆಯ ತುಂಡು ಅವರ ನೋಟ್‌ಬುಕ್ಕಿನೊಳಗಿದೆ. ಆ ಇಪ್ಪತ್ತೆರಡು ದಿನ ಅವರಿಗೆ ಉಳಿದಿದ್ದ ದಿನಗಳಿಂದಲೇ ಹೋದವು, ಅವನ್ನು ಯಾವ ಲೆಕ್ಕದಿಂದಲೂ ನಾನು ತುಂಬಿಕೊಡಲಾರೆ. ಯಾರಾದರೂ, ನಿಮ್ಮ ಸರ್ ಹೋಗಿದ್ದು ಯಾವಾಗ ಎಂದು ಕೇಳಿದರೆ, ಮೂರರಿಂದ ನಾಲ್ಕರೊಳಗೆ ಎನ್ನುತ್ತೇನೆ. ಆ ಒಂದು ಗಂಟೆಯಲ್ಲಿ ನಾನು ಅವರ ಪೇಪರ್ ಬರೆಯುತ್ತಿದ್ದೆ.